ಎರಡು ಹಾಜರಿ ಪುಸ್ತಕ

ಅಮ್ಮ ಹಳ್ಳಿ ಸ್ಕೂಲಿನ ಟೀಚರ್. ಮನೆಯಲ್ಲಿ ಎರಡು ಹಸು. ಗೌರಿ ಕರು ಹಾಕಿದ ದಿನ ಅಮ್ಮ ಸ್ಕೂಲಿಗೆ ಹೋದದ್ದು ಲೇಟು; ಹಾಜರಿಯಲ್ಲಿ ಕೆಂಪು ಶಾಯಿ ಬಿತ್ತು. ಎರಡು ದಿನ ಬಿಟ್ಟು ಒಂದು ಡಬ್ಬಿ ಗಿಣ್ಣು ಹೋದ ಮೇಲೆ ಹೆಡ್‌ಮಾಸ್ಟರ ಗಂಟುಮುಖ ಸಡಿಲವಾಯಿತು. ಶಾಯಿ ಮಾತ್ರ ಹಾಗೇ ಉಳಿಯಿತು.

ಎರಡು ಹಸುವಿಗೇ ಈ ಪಾಡು. ಮುನ್ನೂರು ಇದ್ದಿದ್ದರೆ? ಅಮೆರಿಕದ ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್ ಸೀಮೆಯ ಟೀಚರಮ್ಮಂದಿರ ಬಗ್ಗೆ ಓದುವಾಗೆಲ್ಲ ನನಗೆ ಇದೇ ಯೋಚನೆ. ಹುಲ್ಲು ಹೊದ್ದ ಮರಳುಗುಡ್ಡಗಳ ನಾಡು ಅದು. ಅಲ್ಲಿನ ಚೆರ್ರಿ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಸುಮಾರು 15,500 ಚದರ ಕಿಲೋಮೀಟರ್. ಜನ ಆರು ಸಾವಿರವೂ ಇಲ್ಲ. ದನ ಲಕ್ಷ ದಾಟುತ್ತವೆ. 1904ರ ಕಿಂಕೇಡ್ ಕಾಯ್ದೆಯಲ್ಲಿ ಒಂದೊಂದು ಕುಟುಂಬಕ್ಕೆ 640 ಎಕರೆವರೆಗೆ ಸರ್ಕಾರಿ ಜಮೀನು ಸಿಕ್ಕಿತು. ಆ ಮರಳಿನಲ್ಲಿ ಅದೂ ಸಾಲದೆ ಎಷ್ಟೋ ಜನ ಮಾರಿ ಹೋದರು. ಉಳಿದವರ ದನ ಸಾಕುವ ರ‍್ಯಾಂಚುಗಳು ಬೆಳೆದವು, ಮನೆಯಿಂದ ಮನೆ ದೂರವಾಯಿತು. ಹಾಗಾಗಿ ಅಲ್ಲಿ ಒಂದೇ ಕೋಣೆಯ ಶಾಲೆಗಳು ಬಹಳ ಕಾಲ ಉಳಿದುಕೊಂಡವು. ಬೆರಳೆಣಿಕೆಯ ಮಕ್ಕಳು, ಎಂಟು ತರಗತಿ, ಒಬ್ಬಳೇ ಟೀಚರ್. ಅವಳೇ ರ‍್ಯಾಂಚಿನ ಯಜಮಾನಿಯೂ ಆಗಿದ್ದರೆ ಮುಗಿಯಿತು ಕಥೆ.

ಚಳಿ ಮುಗಿಯುವ ಮೊದಲೇ ಕರು ಹಾಕುವ ಕಾಲ ಬರುತ್ತದೆ. ಚೊಚ್ಚಲ ಕಡಸುಗಳನ್ನು ರಾತ್ರಿಯೆಲ್ಲ ಎರಡು ಮೂರು ಗಂಟೆಗೊಮ್ಮೆ ಎದ್ದು ನೋಡಬೇಕು. ಹುಟ್ಟಿದ ಕರು ಒದ್ದೆಯಾಗಿ ಹಿಮದಲ್ಲಿ ಬಿದ್ದರೆ ಕಿವಿ ಹೆಪ್ಪುಗಟ್ಟಿ ತುದಿ ಉದುರಿಹೋಗುತ್ತದೆ. ಅಂಥದ್ದನ್ನು ಎತ್ತಿ ತಂದು, ಟವೆಲಿನಲ್ಲಿ ಮೈ ಉಜ್ಜಿ, ಅಡುಗೆಮನೆಯ ನೆಲದ ಮೇಲೆ ಮಲಗಿಸಿ, ಬಾಟಲಿಯಲ್ಲಿ ಗಿಣ್ಣುಹಾಲು ಕುಡಿಸಬೇಕು. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆಯಬೇಕು: ತಾಯಿಯ ನಂಬರ್, ತಾರೀಖು, ಗಂಡೋ ಹೆಣ್ಣೋ. ಕರುವಿನ ಕಿವಿಯೋಲೆಗೂ ಸಾಮಾನ್ಯವಾಗಿ ತಾಯಿಯ ನಂಬರೇ. ಬೆಳಿಗ್ಗೆ ಅದೇ ಕೈ ಮಕ್ಕಳ ಹಾಜರಿ ಬರೆಯುತ್ತದೆ. ಅದರಲ್ಲಿ ಅವಳದೇ ಒಂದೆರಡು ಮಕ್ಕಳ ಹೆಸರೂ ಇರಬಹುದು.

ಅಷ್ಟು ದನ ಇದ್ದೂ ಮನೆಗೆ ಹಾಲು ಹೆಚ್ಚಾಗಿ ಅಂಗಡಿಯದ್ದೇ. ಮಾಂಸದ ತಳಿ, ಕರೆಯುವವರಿಲ್ಲ. ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕುವ ಮಾತಂತೂ ದೂರ. ಇದನ್ನು ಹೇಳಿದರೆ ಅಮ್ಮ ನಂಬಲೇ ಇಲ್ಲ. ‘ಪಾಪ’ ಎಂದಳು, ಕರುಗಳಿಗಲ್ಲ, ಆ ಟೀಚರಿಗೆ.

ತಲೆ ಎಣಿಸುವುದು ಆ ಸೀಮೆಯಲ್ಲಿ ಸುಮ್ನೆ ಅಲ್ಲ. 1888ರ ಜನವರಿ 12ರ ಬೆಳಿಗ್ಗೆ ಹವೆ ಹಿತವಾಗಿತ್ತು. ಎಷ್ಟೋ ಮಕ್ಕಳು ದಪ್ಪ ಕೋಟಿಲ್ಲದೆ ಸ್ಕೂಲಿಗೆ ಬಂದಿದ್ದರು. ಇದ್ದಕ್ಕಿದ್ದಂತೆ ಹಿಮಗಾಳಿ ಎದ್ದಿತು. ಅಮೆರಿಕದ ಆ ಬಯಲುಸೀಮೆಯಲ್ಲಿ ನೂರಾರು ಜನ ಸತ್ತರು. ನೆಬ್ರಾಸ್ಕದ ಓರ್ಡ್ ಊರಿನ ಹತ್ತಿರ ಮಿನ್ನಿ ಫ್ರೀಮನ್ ಎಂಬ ಹರೆಯದ ಟೀಚರ್, ಸ್ಕೂಲಿನ ಚಾವಣಿ ಹಾರಿಹೋದಾಗ, ಮಕ್ಕಳನ್ನೆಲ್ಲ ಕರೆದುಕೊಂಡು ಒಂದು ಮನೆ ಮುಟ್ಟಿಸಿದಳು. ಎಲ್ಲರೂ ಬದುಕಿದರು. ಹಗ್ಗದಲ್ಲಿ ಸಾಲಾಗಿ ಕಟ್ಟಿ ನಡೆಸಿದಳೆಂದು ಕಥೆ. ಹಗ್ಗವೇ ಇರಲಿಲ್ಲ ಅನ್ನುವವರೂ ಇದ್ದಾರೆ. ಇರಲಿ ಬಿಡಿ. ಒಳಗೆ ಹೋಗಿ ಬಾಗಿಲು ಹಾಕಿದ ಮೇಲೆ ಅವಳು ಎಷ್ಟು ಸಲ ಎಣಿಸಿರಬೇಕು, ಅಲ್ವಾ?

ಅಮ್ಮ ರಿಟೈರ್ ಆಗಿ ವರ್ಷಗಳಾದವು. ಈಗ ಇರುವುದು ಒಂದೇ ಹಸು. ಆದರೂ ಮಲಗುವ ಮುಂಚೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗುತ್ತಾಳೆ.

‘ಎಷ್ಟಿವೆ ಅಮ್ಮಾ?’ ಎಂದು ನಾನು ಒಳಗಿನಿಂದ ರೇಗಿಸುತ್ತೇನೆ.

‘ಸುಮ್ನೆ ಮಲ್ಕೊ.’