ಅಜ್ಜಿಯ ಟಿವಿ ಮತ್ತು ಪ್ಯಾಸೇಜಿನ ಕನ್ನಡಿ

2011ರ ಮಾರ್ಚ್ ತಿಂಗಳು. ವಿಶ್ವಕಪ್ಪಿನ ನೆಪ ಮಾಡಿಕೊಂಡು ಸಾಗರದ ನಮ್ಮ ಮನೆಗೆ ಹೊಸ ಎಲ್‌ಸಿಡಿ ಟಿವಿ ತಂದೆ. ಹಳೇ 21 ಇಂಚಿನ ಡಬ್ಬಾ ಟಿವಿಗೆ ಗುಜರಿಯವನು ಇನ್ನೂರು ರೂಪಾಯಿ ಅಂದ. ಎತ್ತಿ ಗಾಡಿಗೆ ಹಾಕುವ ಕೆಲಸವೂ ನಮ್ಮದೇ ಅಂತೆ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ, "ಅದನ್ನ ನನ್ನ ಕೋಣೇಲಿಡು ಮಗಾ, ಈ ಮಂಡಿನೋವಲ್ಲಿ ಹಾಲ್‌ವರೆಗೆ ಬರೋದೇ ಸಾಕಾಗಿದೆ" ಅಂದಳು.

ಒಳ್ಳೇದೇ ಆಯ್ತು ಅಂದುಕೊಂಡೆ. ಸಂಜೆಯಾದರೆ ಅಜ್ಜಿಗೆ ಧಾರಾವಾಹಿ, ಅಪ್ಪನಿಗೆ ಕ್ರಿಕೆಟ್ಟು, ನಡುವೆ ರಿಮೋಟು ಹಿಡಿದ ನಾನು. ಎರಡು ಟಿವಿ ಆದರೆ ಜಗಳವೇ ಇಲ್ಲ ಅಲ್ವಾ? ಎರಡನೇ ಕನೆಕ್ಷನ್ನಿಗೆ ಇನ್ನೊಂದು ಸೆಟ್‌ಟಾಪ್ ಬಾಕ್ಸು, ತಿಂಗಳಿಗೆ ಇನ್ನಷ್ಟು ದುಡ್ಡು ಅಂದರು ಡಿಶ್ ಕಂಪನಿಯವರು. ಒಂದು ವೈರು ಎಳೆಯೋದಕ್ಕೆ ತಿಂಗಳು ತಿಂಗಳು ದುಡ್ಡೇ? ನಾನು ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿದವನು. (ಪಾಸಾದದ್ದು ಎರಡನೇ ಸಲಕ್ಕೆ ಅನ್ನೋದು ಈಗ ಬೇಡ.)

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಸ್ಪ್ಲಿಟರ್ ಕೊಂಡೆ. ಡಿಶ್ಶಿನಿಂದ ಬರುವ ಕೇಬಲ್ಲನ್ನು ಕತ್ತರಿಸಿ, ನಡುವೆ ಅದನ್ನು ಸಿಕ್ಕಿಸಿ, ಒಂದು ಕವಲು ಬಾಕ್ಸಿಗೆ, ಇನ್ನೊಂದು ನೇರ ಅಜ್ಜಿಯ ಟಿವಿಯ ಹಿಂದಿನ ತೂತಿಗೆ. ಅಜ್ಜಿಯ ಟಿವಿಯಲ್ಲಿ ಇರುವೆ ಗೂಡು ಕೆದಕಿದ ಹಾಗೆ ಬರೀ ಚುಕ್ಕೆ. ಹಾಲ್‌ನಲ್ಲಿ 'ಸಿಗ್ನಲ್ ಇಲ್ಲ'. ಇದ್ದ ಒಂದು ಟಿವಿಯೂ ಹೋಯಿತು.

ಮೆಕ್ಯಾನಿಕ್ ಬಂದ. ಸ್ಪ್ಲಿಟರನ್ನು ಸತ್ತ ಜಿರಳೆಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಯಾರು ಸಾರ್ ಇದನ್ನ ಹಾಕಿದ್ದು?" ಅಂದ. ನಾನು ಕಿಟಕಿ ಕಡೆ ನೋಡಿದೆ. ಅವನು ಪಾಠ ಶುರು ಮಾಡಿದ. ಆ ಕೇಬಲ್ಲಿನಲ್ಲಿ ಸಿಗ್ನಲ್ ಕೆಳಗೆ ಬರುತ್ತೆ, ಕರೆಂಟು ಮೇಲೆ ಹೋಗುತ್ತೆ ಸಾರ್. ಡಿಶ್ಶಿನ ಮೂತಿಗಿರುವ ಎಲ್‌ಎನ್‌ಬಿಗೆ, ಅಂದ್ರೆ ಸಿಗ್ನಲ್ ಹಿಡಿದು ಕೆಳಗೆ ಕಳಿಸೋ ಡಬ್ಬಿಗೆ, ನಿಮ್ಮ ಬಾಕ್ಸೇ 13 ಇಲ್ಲಾ 18 ವೋಲ್ಟ್ ಕೊಡಬೇಕು, ಯಾವ ಚಾನೆಲ್ ಬೇಕು ಅನ್ನೋದರ ಮೇಲೆ. ಅಲ್ಲಿಂದ ಇಳಿಯುವ ಸಿಗ್ನಲ್ಲು 950ರಿಂದ 2150 ಮೆಗಾಹರ್ಟ್ಸ್, ನಿಮ್ಮ ಸ್ಪ್ಲಿಟರಿನ ಬೆನ್ನ ಮೇಲೇ 5ರಿಂದ 1000 ಅಂತ ಬರೆದಿದೆ ನೋಡಿ, ಇದು ಕೇಬಲ್ ಟಿವಿಯದ್ದು. ಅದೂ ಅಲ್ಲದೆ ಆ ಸಿಗ್ನಲ್ಲನ್ನು ಬಿಡಿಸಿ ಓದೋದು ಬಾಕ್ಸು, ಹಳೇ ಟಿವಿಗೆ ಅದು ಎಲ್ಲಿ ಅರ್ಥ ಆಗುತ್ತೆ?

"ಮತ್ತೇನು ಮಾಡೋದು?"

"ಬಾಕ್ಸಿನಿಂದ ಹೊರಗೆ ಬಂದ ಮೇಲೆ ಹಂಚಬೇಕು ಸಾರ್."

ಅಷ್ಟು ಸಾಕಿತ್ತು ನನಗೆ. ಅವನನ್ನು ಕಳಿಸಿ, ಹಳದಿ-ಕೆಂಪು-ಬಿಳಿ ಪಿನ್ನುಗಳ ಹದಿನೈದು ಮೀಟರ್ ವೈರು ತಂದು, ಹಾಲ್‌ನಿಂದ ಪ್ಯಾಸೇಜು ದಾಟಿ ಅಜ್ಜಿಯ ಕೋಣೆವರೆಗೆ ಗೋಡೆಗುಂಟ ಮೊಳೆ ಹೊಡೆದೆ. ಬಾಕ್ಸಿನ ಒಂದೇ ಹಳದಿ ತೂತನ್ನು ವೈ ಆಕಾರದ ಪಿನ್ನಿನಿಂದ ಇಬ್ಭಾಗ ಮಾಡಿದೆ. ಅಜ್ಜಿಯ ಕಡೆ ಹಳದಿಯನ್ನು ಬಿಳಿಯ ತೂತಿಗೆ ಚುಚ್ಚಿದ್ದೆನಾದ್ದರಿಂದ ಚಿತ್ರವೇ ಇಲ್ಲ, ಬುರ್ರ್ ಅಂತ ಸದ್ದು ಮಾತ್ರ. "ಮಿಕ್ಸಿ ಯಾರು ಹಾಕಿದ್ದು?" ಅಂತ ಅಮ್ಮ ಅಡುಗೆಮನೆಯಿಂದ ಬಂದಳು.

ಸರಿ, ಪಿನ್ನು ಬದಲಿಸಿದೆ. ಒಂದೇ ಸಿಗ್ನಲ್ಲು ಇಬ್ಭಾಗವಾದದ್ದಕ್ಕೆ ಈಗ ಎರಡೂ ಟಿವಿಯಲ್ಲಿ ಚಿತ್ರ ಮಂಕು. ಹೊಸ ಟಿವಿಯಲ್ಲಿ ಹಗಲು ಮ್ಯಾಚು ಮುಸ್ಸಂಜೆಯಲ್ಲಿ ನಡೆದ ಹಾಗೆ ಕಾಣುತ್ತಿತ್ತು. ಮಂಕೋ ಗಿಂಕೋ, ಅಂತೂ ಬಂತು! ಅಜ್ಜಿ ಐದು ನಿಮಿಷ ನೋಡಿ, "ಏನೋ ಇದು, ಇಲ್ಲೂ ಅದೇ ಕ್ರಿಕೆಟ್ಟಾ?" ಅಂದಳು.

ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಈ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಒಂದು ಬಾಕ್ಸು ಒಂದು ಸಲಕ್ಕೆ ಒಂದೇ ಚಾನೆಲ್ ಬಿಡಿಸುತ್ತೆ. ಎರಡಲ್ಲ, ಹತ್ತು ಟಿವಿ ಹಚ್ಚಿದರೂ ಹತ್ತರಲ್ಲೂ ಅದೇ. ಹದಿನೈದು ಮೀಟರ್ ವೈರಿನಿಂದ ನಾನು ಮಾಡಿದ್ದು ಇಷ್ಟೇ, ಹಾಲ್‌ನ ಜಗಳವನ್ನು ಅಜ್ಜಿಯ ಕೋಣೆವರೆಗೆ ಉದ್ದ ಮಾಡಿದ್ದು.

ಆದರೂ ಹಗಲು ಹೊತ್ತು ಅಪ್ಪ ತೋಟಕ್ಕೆ ಹೋದಾಗಲಾದರೂ ಅಜ್ಜಿ ನೋಡಿಕೊಳ್ಳಲಿ ಅಂತ ಬಿಟ್ಟೆ. ಆಗ ಹೊಸ ತಾಪತ್ರಯ. ಬಾಕ್ಸು ಇರೋದು ಹಾಲ್‌ನಲ್ಲಿ, ಚಾನೆಲ್ ಬದಲಿಸಲು ಅಜ್ಜಿ ಅಲ್ಲಿಗೇ ಬರಬೇಕು. ಬಂದು, ಬದಲಿಸಿ, ಕೋಣೆಗೆ ವಾಪಸ್ ಮುಟ್ಟುವಷ್ಟರಲ್ಲಿ ಜಾಹೀರಾತು ಮುಗಿದು ಕಥೆಯಲ್ಲಿ ಒಂದು ಮದುವೆ ಆಗಿಹೋಗಿರುತ್ತಿತ್ತು. ಇಲ್ಲದಿದ್ದರೆ ಅಲ್ಲಿಂದಲೇ ಕೂಗು, "ಮುಂದಿಂದು ಹಾಕೇ! ಅದಲ್ಲ, ಅದರ ಹಿಂದಿಂದು!" ಬೀದಿಯವರಿಗೆಲ್ಲ ನಮ್ಮ ಚಾನೆಲ್ ನಂಬರು ಬಾಯಿಪಾಠ.

ಇಲ್ಲಿ ನನ್ನ ಫಿಸಿಕ್ಸ್ ಕೆಲಸಕ್ಕೆ ಬಂತು. ರಿಮೋಟಿನದು ಕಣ್ಣಿಗೆ ಕಾಣದ ಬೆಳಕು ಅಷ್ಟೇ, ಕನ್ನಡಿಗೆ ಬಡಿದರೆ ಪುಟಿಯಲೇಬೇಕು. ಒಂದು ದೊಡ್ಡ ಕನ್ನಡಿ ತಂದು, ಅಜ್ಜಿಯ ಹಾಸಿಗೆಯಿಂದಲೂ ಹಾಲ್‌ನ ಬಾಕ್ಸಿನಿಂದಲೂ ಕಾಣುವ ಹಾಗೆ ಪ್ಯಾಸೇಜಿನ ಮೂಲೆಯಲ್ಲಿ ಓರೆಯಾಗಿಟ್ಟು, ಕದಲಬಾರದು ಅಂತ ಗೋಡೆಗೆ ಡ್ರಿಲ್ ಹಾಕಿ ನಾಲ್ಕು ಸ್ಕ್ರೂ ಬಿಗಿದೆ. ಅಂಥದ್ದೇ ಇನ್ನೊಂದು ರಿಮೋಟು ತಂದು ಅಜ್ಜಿಯ ಕೈಗೆ ಕೊಟ್ಟು, "ಟಿವಿ ಕಡೆ ಹಿಡೀಬೇಡ, ಕನ್ನಡಿ ಕಡೆ ಹಿಡಿದು ಒತ್ತು" ಅಂದೆ. ಒತ್ತಿದಳು. ಬದಲಾಯಿತು! ಎರಡು ದಿನ ಆ ಕನ್ನಡಿಯನ್ನು ಬಂದವರಿಗೆಲ್ಲ ತೋರಿಸಿದೆ. ಒಂದೇ ತೊಂದರೆ, ಬಂದವರೆಲ್ಲ ಅದರ ಮುಂದೆ ನಿಂತು ಕ್ರಾಪು ತಿದ್ದಿಕೊಳ್ಳುತ್ತಿದ್ದರು, ಅಷ್ಟು ಹೊತ್ತು ಅಜ್ಜಿಯ ರಿಮೋಟು ಬಂದ್.

ಮಾರ್ಚ್ 30, ಬುಧವಾರ, ಮೊಹಾಲಿಯಲ್ಲಿ ಪಾಕಿಸ್ತಾನದ ಜೊತೆ ಸೆಮಿಫೈನಲ್. ನಮ್ಮವರು 260 ಹೊಡೆದಿದ್ದರು. ಹಾಲ್‌ನಲ್ಲಿ ಅಪ್ಪ, ನಾನು, ಪಕ್ಕದ ಮನೆಯ ನಾಲ್ಕು ಜನ. ಯೂನಿಸ್ ಖಾನ್ ಕ್ರೀಸಿನಲ್ಲಿದ್ದ, ಯುವರಾಜ್ ಬಾಲ್ ಹಿಡಿದು ಓಡಿ ಬಂದ, ಬಾಲ್ ಕೈ ಬಿಡುವ ಮೊದಲೇ ಟಿವಿಯಲ್ಲಿ ಒಬ್ಬ ಅತ್ತೆ ಸೊಸೆಯ ಸೊಂಟದಿಂದ ಬೀಗದ ಕೈ ಕಿತ್ತುಕೊಂಡಳು. ಅಪ್ಪ ರಿಮೋಟು ಒತ್ತಿದರು, ಕ್ರಿಕೆಟ್. ಅಜ್ಜಿ ಒತ್ತಿದಳು, ಅತ್ತೆ. ಕ್ರಿಕೆಟ್. ಅತ್ತೆ. ಕೊನೆಗೆ ಟಿವಿ ಕ್ರಿಕೆಟ್ಟಿನಲ್ಲೇ ನಿಂತಾಗ ಯೂನಿಸ್ ಖಾನ್ ಇರಲಿಲ್ಲ. "ಯಾರು ಕ್ಯಾಚ್ ಹಿಡಿದದ್ದು?" ಅಂತ ಪಕ್ಕದ ಮನೆಯವರು ಕೇಳಿದರು. ರೈನಾ ಅಂತ ಮರುದಿನ ಪೇಪರಿನಲ್ಲಿ ಗೊತ್ತಾಯಿತು.

"ಆ ಎರಡನೇ ಬಾಕ್ಸಿಗೆ ಎಷ್ಟಂತೆ ಕೇಳು" ಅಂದರು ಅಪ್ಪ, ಮ್ಯಾಚ್ ಗೆದ್ದ ಖುಷಿಯನ್ನೂ ತೋರಿಸದೆ.

ಶುಕ್ರವಾರ ಅದೇ ಮೆಕ್ಯಾನಿಕ್ ಬಂದು, ಡಿಶ್ಶಿಗೆ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿ, ಬೇರೆ ಕೇಬಲ್ ಎಳೆದು, ಅಜ್ಜಿಯ ಕೋಣೆಗೆ ಅವಳದ್ದೇ ಬಾಕ್ಸು ಕೂರಿಸಿದ. ಕನ್ನಡಿ ನೋಡಿ "ಇದ್ಯಾಕೆ ಸಾರ್ ಇಲ್ಲಿ ಸೊಟ್ಟಗೆ?" ಅಂದ. ಸುಮ್ನೆ ಅಂದೆ.

ಶನಿವಾರ ಫೈನಲ್. 275 ಬೆನ್ನಟ್ಟಬೇಕು, ಗಂಭೀರ್ ನಿಂತು ಆಡುತ್ತಿದ್ದ. ಇದ್ದಕ್ಕಿದ್ದ ಹಾಗೆ ನಮ್ಮ ಟಿವಿಯಲ್ಲಿ ಸ್ವಾಮಿಗಳ ಪ್ರವಚನ. ಆಮೇಲೆ ಕಾರ್ಟೂನು. ಆಮೇಲೆ ಒಂದು ತಮಿಳು ಚಾನೆಲ್. ಅಪ್ಪ ನನ್ನ ಮುಖ ನೋಡಿದರು. ಒಳಗಿನಿಂದ ಅಜ್ಜಿ, "ಎಷ್ಟು ಒತ್ತಿದರೂ ನಂದು ಬದಲಾಗ್ತಾನೇ ಇಲ್ಲ ಮಗಾ!"

ಎರಡು ಬಾಕ್ಸಿನ ರಿಮೋಟೂ ಒಂದೇ ಥರದ್ದು. ಅಜ್ಜಿ ನಾನು ಕಲಿಸಿದ ಹಾಗೇ ಕನ್ನಡಿ ಕಡೆ ಹಿಡಿದು ಒತ್ತುತ್ತಿದ್ದಳು.

ಸ್ಕ್ರೂ ಬಿಚ್ಚಲು ಹೋದರೆ ಒಂದೂ ಅಲುಗಲಿಲ್ಲ, ಅಷ್ಟು ಬಿಗಿ. ಧೋನಿ ಸಿಕ್ಸ್ ಹೊಡೆದು ಇಡೀ ಸಾಗರ ಪಟಾಕಿ ಹಚ್ಚಿದಾಗ ನಾನು ಪ್ಯಾಸೇಜಿನಲ್ಲಿ ಕನ್ನಡಿಗೆ ಟವೆಲ್ ಅಡ್ಡ ಹಿಡಿದು ನಿಂತಿದ್ದೆ.