ಮೆಲ್ಲಗೆ ಹಾಕಿದ್ರೂ ಬೈತಾರೆ, ಜೋರಾಗಿ ಹಾಕಿದ್ರೂ ಬೈತಾರೆ

ಹೋದ ವಾರ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ನನ್ನ ಕಾರು ಗ್ಯಾರೇಜಿನಲ್ಲಿತ್ತು, ಕ್ಯಾಬ್ ಬುಕ್ ಮಾಡಿದೆ. ಬಂದದ್ದು ಹೊಚ್ಚ ಹೊಸ ಗಾಡಿ, ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಅಮ್ಮ ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಪೂರ್ತಿ ಬೀಳಲಿಲ್ಲ. "ಅಮ್ಮಾ, ಡೋರ್ ಸರಿಯಾಗಿ ಹಾಕಿ" ಅಂದ ಡ್ರೈವರ್. ಇನ್ನೊಮ್ಮೆ ಎಳೆದಳು. ಮತ್ತೆ ಅರ್ಧ. ಅವನು ಉಸ್ಸಂತ ಇಳಿದು ಬಂದು, ಹೊರಗಿನಿಂದ ಒಂದು ತಳ್ಳು ತಳ್ಳಿ, ನನ್ನ ಮುಖ ನೋಡಿ ಹೋಗಿ ಕೂತ.

ಬರುವಾಗ ಇನ್ನೊಂದು ಕ್ಯಾಬ್. ಇದು ಹಳೆಯದು. ಬೆಳಿಗ್ಗೆ ಪಾಠ ಕಲಿತಿದ್ದ ಅಮ್ಮ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದಳು. ಧಡಾರ್! "ಸ್ವಲ್ಪ ಮೆಲ್ಲಗೆ ಹಾಕಿ ಅಮ್ಮಾ, ಗಾಡಿ ಇನ್ನೂ ಲೋನಲ್ಲಿದೆ."

ಅಮ್ಮ ಮನೆ ಮುಟ್ಟೋವರೆಗೂ ಮಾತಾಡಲಿಲ್ಲ. ಆಮೇಲೆ ಚಪ್ಪಲಿ ಬಿಡುತ್ತಾ ಅಂದಳು, "ನಂಗೆ ಈ ಕಾರಿನ ಬಾಗಿಲು ಒಗ್ಗಲ್ಲ ಕಣೋ. ಇನ್ಮೇಲೆ ಆಟೋದಲ್ಲೇ ಹೋಗೋಣ."

ನನಗೆ ಸಿಟ್ಟು ಬಂದದ್ದು ಅಲ್ಲಿ. ಈಕೆ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಬೆಳೆದವಳು. ಆಷಾಢದ ಮಳೆಗೆ ಉಬ್ಬಿಕೊಂಡ ಹಲಸಿನ ಮರದ ಬಾಗಿಲನ್ನು ಭುಜ ಕೊಟ್ಟು ತೆಗೆದವಳು. ಆಗ ಯಾರೂ ಅವಳನ್ನು ಬೈಯುತ್ತಿರಲಿಲ್ಲ, ಮಳೆಯನ್ನು ಬೈಯುತ್ತಿದ್ದರು. ಕಾರಿನ ಬಾಗಿಲು ಬೀಳದಿದ್ದರೆ ಮಾತ್ರ ತಪ್ಪು ಕೂತವರ ಕೈಯದ್ದು, ಅದರಲ್ಲೂ ವಯಸ್ಸಾದವರು, ಹೆಂಗಸರು ಆದರೆ ಕೇಳೋದೇ ಬೇಡ. ನಾನು ಹೇಳೋದು ಇಷ್ಟೇ: ಹತ್ತರಲ್ಲಿ ಒಂಬತ್ತು ಸಲ ತಪ್ಪು ಬಾಗಿಲಿನದ್ದು. ಒಂಬತ್ತು ಅನ್ನೋದು ನನ್ನ ಸಿಟ್ಟಿನ ಲೆಕ್ಕ, ಸರ್ವೆ ಅಲ್ಲ.

ಹೊಸ ಕಾರಿನ ವಿಷಯ ತಗೊಳ್ಳಿ. ಬಾಗಿಲಿನ ಸುತ್ತ ಕಪ್ಪು ರಬ್ಬರ್ ಇರುತ್ತದಲ್ಲ, ಗ್ಯಾರೇಜಿನವರು ಬೀಡಿಂಗ್ ಅನ್ನುತ್ತಾರೆ, ಅದು ಹೊಸದಿದ್ದಾಗ ಉಬ್ಬಿಕೊಂಡಿರುತ್ತದೆ. ಬಾಗಿಲು ಬೀಳಬೇಕಾದರೆ ಆ ರಬ್ಬರ್ ಉದ್ದಕ್ಕೂ ಅಮುಕಿಕೊಳ್ಳಬೇಕು. ತಿಂಗಳುಗಟ್ಟಲೆ ಹಾಕಿ ತೆಗೆದು ಮಾಡಿದ ಮೇಲೆ ತಾನಾಗಿ ಪಳಗುತ್ತದೆ. ಇದರ ಜೊತೆಗೆ ಗಾಳಿ. ಈಗಿನ ಕಾರುಗಳು ಡಬ್ಬಿಯ ಹಾಗೆ ಬಿಗಿ. ಉಳಿದ ಬಾಗಿಲು, ಗ್ಲಾಸು ಎಲ್ಲ ಮುಚ್ಚಿದ್ದಾಗ ಕೊನೆಯ ಬಾಗಿಲನ್ನು ಎಳೆದರೆ ಅದು ಒಳಗಿನ ಗಾಳಿಯನ್ನು ನೂಕುತ್ತದೆ, ಆ ಗಾಳಿ ತಿರುಗಿ ಬಾಗಿಲನ್ನು ನೂಕುತ್ತದೆ. ಗಾಳಿ ಹೊರಗೆ ಹೋಗಲೆಂದು ಸಾಮಾನ್ಯವಾಗಿ ಹಿಂದಿನ ಬಂಪರಿನ ಮರೆಯಲ್ಲಿ ಸಣ್ಣ ರಬ್ಬರ್ ಪದರದ ಕಿಂಡಿಗಳನ್ನು ಇಟ್ಟಿರುತ್ತಾರೆ, ಆದರೆ ಅದರ ಮೂಲಕ ಹೋಗೋಕೂ ಹೊತ್ತು ಬೇಕಲ್ಲ. ನಂಬಿಕೆ ಬರದಿದ್ದರೆ ಒಂದು ಗ್ಲಾಸನ್ನು ನಾಲ್ಕು ಬೆರಳು ಇಳಿಸಿ ಬಾಗಿಲು ಹಾಕಿ ನೋಡಿ. ಟಪ್ ಅಂತ ಬೀಳುತ್ತದೆ. ಬೆಳಿಗ್ಗೆ ಅಮ್ಮನ ಕೈಯನ್ನು ಸೋಲಿಸಿದ್ದು ಈ ರಬ್ಬರ್ ಮತ್ತು ಗಾಳಿ.

ಬಾಗಿಲುಗಳು ಭಾರವೂ ಆಗಿವೆ. 1983ರಲ್ಲಿ ಬಂದ ಮಾರುತಿ 800ರ ಬಾಗಿಲು ನೆನಪಿದೆಯಾ? ಒಂದು ಬೆರಳಲ್ಲಿ ಎಳೆದರೆ ಬರುತ್ತಿತ್ತು, ಹಾಕಿದರೆ ಡಬ್ಬದ ಮುಚ್ಚಳದ ಸದ್ದು. ಇಡೀ ಕಾರೇ 650 ಕೆ.ಜಿ. ಆಸುಪಾಸು. ಈಗ ಬಾಗಿಲಿನ ಹೊಟ್ಟೆಯೊಳಗೆ ಗ್ಲಾಸ್ ಏರಿಸುವ ಮೋಟಾರ್, ಸ್ಪೀಕರ್, ಲಾಕಿನ ಮೋಟಾರ್, ಅಡ್ಡಲಾಗಿ ಉಕ್ಕಿನ ತೊಲೆ ಎಲ್ಲ ಇರುತ್ತವೆ. ತೊಲೆ ಇರುವುದು ಪಕ್ಕದಿಂದ ಗುದ್ದಿದಾಗ ನಮ್ಮ ಪಕ್ಕೆಲುಬು ಉಳಿಯಲಿ ಅಂತ. 2017ರ ಅಕ್ಟೋಬರಿನಿಂದ ನಮ್ಮ ದೇಶದಲ್ಲಿ ಹೊಸ ಮಾದರಿಗಳಿಗೆ ಬದಿಯ ಡಿಕ್ಕಿಯ ಪರೀಕ್ಷೆ ಕಡ್ಡಾಯ. ಆ ಭಾರದ ಬಗ್ಗೆ ನನ್ನ ತಕರಾರಿಲ್ಲ. ಆದರೆ ರಸ್ತೆ ಓರೆಯಾಗಿರುವ ಕಡೆ, ಎಡಗಡೆ ಚಕ್ರ ಚರಂಡಿ ಪಕ್ಕ ಇಳಿದಿರುವಾಗ, ಬಲಗಡೆಯ ಬಾಗಿಲನ್ನು ಒಳಗಿನಿಂದ ತೆಗೆಯೋದು ಅಂದರೆ ಅದನ್ನು ಮೇಲಕ್ಕೆ ಎತ್ತಿದ ಹಾಗೇ. ಏರಿನಲ್ಲಿ ನಿಲ್ಲಿಸಿದರೆ ತೆಗೆದ ಬಾಗಿಲು ವಾಪಸ್ ಬಂದು ಮೊಣಕಾಲಿಗೆ ಬಡಿಯುತ್ತದೆ. ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಲು ಇಳಿದವರಿಗೆ ಗೊತ್ತಿರುತ್ತದೆ. ತೆಗೆದ ಬಾಗಿಲನ್ನು ಅಲ್ಲಲ್ಲೇ ತಡೆದು ನಿಲ್ಲಿಸಲು ಎರಡು ಕೀಲುಗಳ ನಡುವೆ ಒಂದು ಪಟ್ಟಿ ಇದೆ. ಅದು ಸವೆದರೆ ಬಾಗಿಲು ಎಲ್ಲೂ ನಿಲ್ಲಲ್ಲ.

ಇನ್ನು ಹಳೇ ಗಾಡಿ. ನನ್ನ ಕಾರು ಹನ್ನೆರಡು ವರ್ಷದ್ದು, ಡ್ರೈವರ್ ಕಡೆ ಬಾಗಿಲು ಆರು ತಿಂಗಳಿಂದ ಸತಾಯಿಸುತ್ತಿತ್ತು. ನಾನೂ ಎಲ್ಲರ ಹಾಗೆ ದಿನೇದಿನೇ ಜೋರು ಹೆಚ್ಚಿಸುತ್ತಾ ಬಂದಿದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಟಿಂಕರಿಂಗ್ ಅಂಗಡಿ ಇಟ್ಟಿರುವ ಭಾಯ್ ಇದ್ದಾರೆ. ಅವರು ಬಾಗಿಲನ್ನು ಅರ್ಧ ತೆಗೆದು, ತುದಿ ಹಿಡಿದು ಮೇಲಕ್ಕೆ ಎತ್ತಿದರು. ಟಕ್ ಟಕ್ ಅಂತ ಅಲ್ಲಾಡಿತು. "ಡೋರ್ ಇಳಿದಿದೆ ಸಾರ್" ಅಂದರು. ಕೀಲಿನ ಪಿನ್ನು ಸವೆದಾಗ ಬಾಗಿಲು ತನ್ನ ಭಾರಕ್ಕೇ ಕೂದಲೆಳೆಯಷ್ಟು ಕೆಳಗೆ ಜಗ್ಗುತ್ತದೆ. ಆಗ ಬಾಗಿಲಿನ ಲಾಕು ಎದುರಿನ ಕಂಬದಲ್ಲಿರುವ ಕೊಂಡಿಗೆ ಸರಿಯಾಗಿ ಕೂರಲ್ಲ, ಅದರ ತಲೆಗೋ ಕಾಲಿಗೋ ಉಜ್ಜುತ್ತದೆ. ಆ ಕೊಂಡಿಗೆ ಸ್ಟ್ರೈಕರ್ ಅನ್ನುತ್ತಾರೆ. ನನ್ನದರಲ್ಲಿ ಉಜ್ಜಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಪ್ರತಿ ಸಲ ಬಡಿದಾಗಲೂ ಆ ಕೀಲನ್ನೇ ಇನ್ನಷ್ಟು ಸವೆಸುತ್ತಿದ್ದೆ.

ಈ ಲಾಕಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅರ್ಧ ಬಿದ್ದ ಬಾಗಿಲನ್ನು ಎಲ್ಲರೂ ಕೆಟ್ಟ ಬಾಗಿಲು ಅಂದುಕೊಳ್ಳುತ್ತಾರೆ. ಲಾಕಿನೊಳಗೆ ಏಡಿಯ ಕೊಂಬಿನಂಥ ಒಂದು ಕೊಕ್ಕೆ ಇದೆ. ಸ್ಟ್ರೈಕರ್ ಒಳಗೆ ನುಗ್ಗಿದಾಗ ಅದು ತಿರುಗಿ ಹಿಡಿದುಕೊಳ್ಳುತ್ತದೆ, ಹಿಂದೆ ತಿರುಗದ ಹಾಗೆ ಇನ್ನೊಂದು ತುಂಡು ಅಡ್ಡ ಬೀಳುತ್ತದೆ. ಇದರಲ್ಲಿ ಬೇಕಂತಲೇ ಎರಡು ಹಂತ ಇಟ್ಟಿದ್ದಾರೆ. ಮೊದಲನೆಯದರಲ್ಲಿ ಬಾಗಿಲು ಸಡಿಲವಾಗಿದ್ದರೂ ಪೂರ್ತಿ ತೆರೆದುಕೊಳ್ಳಲ್ಲ, ಎರಡನೆಯದರಲ್ಲಿ ಬಿಗಿ. ಹಿಂದೆ ಅಪಘಾತದಲ್ಲಿ ಬಾಗಿಲು ಹಾರಿ ತೆರೆದುಕೊಂಡು ಜನ ಹೊರಗೆ ಬಿದ್ದು ಸಾಯುತ್ತಿದ್ದರು. 1956ರ ಮಾದರಿಗಳಿಗೆ ಫೋರ್ಡ್ ಕಂಪನಿ ಅಮೆರಿಕದಲ್ಲಿ ಗಟ್ಟಿ ಹಿಡಿತದ ಲಾಕನ್ನು ಸುರಕ್ಷತೆಯ ಹೆಸರಲ್ಲೇ ಜಾಹೀರಾತು ಮಾಡಿ ಮಾರಿತು. ಅಂದರೆ ಅಮ್ಮ ಅರ್ಧ ಹಾಕಿದ ಬಾಗಿಲೂ ಅವಳನ್ನು ಹಿಡಿದುಕೊಂಡೇ ಇತ್ತು. ಹಾಗೇ ಹೊರಡಿ ಅಂತಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ನಿಲ್ಲಿಸಿ ಹಾಕಿ.

ತೆಗೆಯಲು ಬಾರದ ಬಾಗಿಲಿನ ಕಥೆ ಬೇರೆ. ತಂಗಿಯ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮ ಒಮ್ಮೆ ಹತ್ತು ನಿಮಿಷ ಸುಮ್ಮನೆ ಕೂತಿದ್ದಳು. ಒಳಗಿನಿಂದ ಎಷ್ಟು ಎಳೆದರೂ ತೆರೆಯುತ್ತಿಲ್ಲ, ಮುರಿದು ಹೋದರೆ ಅಂತ ಹೆದರಿ ಬಿಟ್ಟಿದ್ದಾಳೆ. ಚೈಲ್ಡ್ ಲಾಕ್. ಹಿಂದಿನ ಬಾಗಿಲು ತೆಗೆದರೆ ಅದರ ಅಂಚಿನಲ್ಲಿ ಕಾಣುವ ಪುಟ್ಟ ಕಡ್ಡಿ, ಮೊಮ್ಮಗನಿಗೆ ಅಂತ ಹಾಕಿದ್ದು ಅಜ್ಜಿಯನ್ನು ಹಿಡಿದಿತ್ತು. ಟ್ಯಾಕ್ಸಿಗಳಲ್ಲಿ ಇದು ಇರಬಾರದು ಅಂತ 2019ರ ಜುಲೈಯಿಂದ ನಿಯಮವಿದೆ, ಹೆಂಗಸರ ಸುರಕ್ಷತೆಗೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ನಿಂತ ಕಾರಿನ ಬೀಡಿಂಗ್ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಮಿನೆಸೋಟಾದಲ್ಲಿರುವ ನಮ್ಮ ಅತ್ತಿಗೆಗೆ ಇದೇ ಗೋಳು ಚಳಿಯಿಂದ. ಮಂಜುಗಟ್ಟಿದ ಬಾಗಿಲನ್ನು ಮೊದಲು ಒಳಕ್ಕೆ ಒರಗಿ ಒತ್ತಿ, ಐಸ್ ಬಿರುಕು ಬಿಟ್ಟ ಮೇಲೆ ಎಳೆಯಬೇಕಂತೆ. ಎರಡಕ್ಕೂ ಮದ್ದು ಒಂದೇ, ರಬ್ಬರನ್ನು ಒರೆಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರೋದು. ಅಡುಗೆ ಎಣ್ಣೆ ಸವರಿದ ಒಬ್ಬರನ್ನು ಬಲ್ಲೆ, ಹೆಸರು ಹೇಳಲ್ಲ, ಇದನ್ನು ಓದುತ್ತಾರೆ.

"ಬಲ ಹಾಕಿದರೆ ತೆರೆಯುತ್ತೆ" ಅನ್ನುವ ಗಂಡಸರಿಗೆ ಒಂದು ಲೆಕ್ಕ. ಬಾಗಿಲು ಒಂದು ಮೀಟರ್ ಅಗಲ, ಅದರ ಬುಡದಿಂದ ಅರ್ಧ ಮೀಟರ್ ಎತ್ತರಕ್ಕೆ ಹೊರಗೆ ನೀರು ನಿಂತಿದೆ, ಒಳಗೆ ಇನ್ನೂ ಬಂದಿಲ್ಲ ಅಂದುಕೊಳ್ಳಿ. ಬಾಗಿಲಿಗೆ ಹೆಚ್ಚುಕಡಿಮೆ 125 ಕೆ.ಜಿ. ಭಾರ ಒರಗಿದಷ್ಟು ಒತ್ತಡ. ನೀರು ಒಂದು ಮೀಟರ್ ಆದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 500 ಕೆ.ಜಿ. ಗರಡಿಮನೆ ಪೈಲ್ವಾನರೂ ಕೈ ಚೆಲ್ಲಬೇಕು. 2023ರ ಮೇ 21ರ ಮಳೆಗೆ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ 22 ವರ್ಷದ ಹುಡುಗಿ ತೀರಿಕೊಂಡಾಗಿನಿಂದ ಈ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ. ನೀರು ಬಾಗಿಲಿಗೆ ಬಂದಾಗ ಬಾಗಿಲಿನ ಜೊತೆ ಗುದ್ದಾಡಬಾರದು. ಕರೆಂಟ್ ಇರುವಾಗಲೇ ಗ್ಲಾಸ್ ಇಳಿಸಿ, ಕಿಟಕಿಯಿಂದ ಹೊರಬೀಳಬೇಕು. ಗ್ಲಾಸ್ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ಮುಂದಿನದಕ್ಕಲ್ಲ. ಮುಂದಿನದು ಎರಡು ಪದರದ ಮಧ್ಯೆ ಹಾಳೆ ಅಂಟಿಸಿದ ಗಾಜು, ಒಡೆದರೂ ಬೀಳಲ್ಲ. ಗಾಜು ಒಡೆಯುವ ಪುಟ್ಟ ಸುತ್ತಿಗೆಯನ್ನು ಡಿಕ್ಕಿಯಲ್ಲಿ ಇಡುವವರಿದ್ದಾರೆ. ಡಿಕ್ಕಿಯಲ್ಲಿ!

ಹೀಗಿರುವಾಗ ಕಾರು ಮಾಡುವವರು ಏನು ಮಾಡುತ್ತಿದ್ದಾರೆ? ಹಿಡಿಯನ್ನೇ ಬಾಗಿಲೊಳಗೆ ಅಡಗಿಸುತ್ತಿದ್ದಾರೆ. ಹತ್ತಿರ ಹೋದರೆ ಹೊರಬರುವುದು, ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುವುದು, ನಾನಾ ಥರ. ಸಂಧಿವಾತದ ಬೆರಳಿಗೆ ಇದೊಂದು ಪರೀಕ್ಷೆ. ಕೆಲವು ಕಾರುಗಳಲ್ಲಂತೂ ಹಿಡಿಯಿಂದ ಲಾಕಿಗೆ ಹೋಗುವ ತಂತಿಯೂ ಇಲ್ಲ, ಗುಂಡಿ ಒತ್ತಿದರೆ ಮೋಟಾರೇ ಲಾಕ್ ಬಿಡಿಸಬೇಕು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ 2021ರ ಮಾದರಿಯ ಸುಮಾರು 1,74,000 ಟೆಸ್ಲಾ ಮಾಡೆಲ್ ವೈ ಕಾರುಗಳ ಮೇಲೆ ತನಿಖೆ ಶುರುಮಾಡಿತು. ಹೊರಗಿನ ಹಿಡಿ ಕೆಲಸ ಮಾಡದೆ, ಮಕ್ಕಳು ಒಳಗೆ, ಅಪ್ಪ ಅಮ್ಮ ಹೊರಗೆ ಉಳಿದು ಕೆಲವರು ಗಾಜು ಒಡೆಯಬೇಕಾಯಿತು ಅನ್ನೋ ದೂರುಗಳಿದ್ದವು. ಚೀನಾ ಇನ್ನೂ ಮುಂದೆ ಹೋಗಿ, 2027ರ ಜನವರಿ 1ರಿಂದ ಹೊಸ ಮಾದರಿಗಳಿಗೆ ಒಳಗೂ ಹೊರಗೂ ಕೈಯಿಂದ ತೆಗೆಯಬಲ್ಲ ಹಿಡಿ ಇರಲೇಬೇಕು ಅಂದಿದೆ. ಕೈಗೆ ಸಿಗುವ ಒಂದು ಹಿಡಿಗೆ ಕಾನೂನು ಬೇಕಾಯಿತು ನೋಡಿ.

ಭಾಯ್ ನನ್ನ ಬಾಗಿಲನ್ನು ಇಪ್ಪತ್ತು ನಿಮಿಷದಲ್ಲಿ ಸರಿ ಮಾಡಿದರು. ಕೀಲಿನ ಪಿನ್ನು ಬದಲಿಸಿ, ಸ್ಟ್ರೈಕರಿನ ಸುತ್ತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಬೋಲ್ಟ್ ಸಡಿಲಿಸಿ, ಸ್ವಲ್ಪವೇ ಸ್ವಲ್ಪ ಸರಿಸಿ ಬಿಗಿದರು. ಆಮೇಲೆ ಹತ್ತು ರೂಪಾಯಿ ನೋಟು ಬಾಗಿಲ ಸಂದಿಗೆ ಇಟ್ಟು ಹಾಕಿ, ಎಳೆದು, ಬಿಗಿ ಎಲ್ಲೆಲ್ಲಿ ಎಷ್ಟಿದೆ ಅಂತ ಸುತ್ತಲೂ ನೋಡಿದರು. ನೋಟು ನನ್ನದು, ವಾಪಸ್ ಬರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಗ್ಲಾಸ್ ಇಳಿಸುವ ಉಪಾಯ ಹೇಳಿಕೊಟ್ಟೆ. ಟಪ್ ಅಂತ ಬಿದ್ದಾಗ ಅವಳ ಮುಖ ನೋಡಬೇಕಿತ್ತು. "ಇಷ್ಟೇನಾ? ಇದನ್ನ ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ವಾ?" ಅಂದಳು.

ನಿನ್ನೆ ಕನ್ನಡಕ ತರಲು ಮತ್ತೆ ಕ್ಯಾಬಿನಲ್ಲಿ ಹೊರಟೆವು. ಅಮ್ಮ ಗತ್ತಿನಿಂದ ಗುಂಡಿ ಒತ್ತಿ ಗ್ಲಾಸ್ ಇಳಿಸಿದಳು, ಎರಡು ಬೆರಳಲ್ಲಿ ಬಾಗಿಲು ಎಳೆದಳು, ಪೂರ್ತಿ ಬಿತ್ತು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಮುಂದಿನಿಂದ ದನಿ ಬಂತು. "ಅಮ್ಮಾ, ಎಸಿ ಹಾಕಿದೀನಿ, ಗ್ಲಾಸ್ ಏರಿಸಿ."