ಮದುವೆ ಊಟ ಉಳಿದರೆ 1098ಕ್ಕೆ ಕರೆ ಮಾಡಬೇಡಿ

“ಮದುವೆ, ನಾಮಕರಣದಲ್ಲಿ ಊಟ ಉಳಿದರೆ 1098ಕ್ಕೆ ಫೋನ್ ಮಾಡಿ, ಅನಾಥ ಮಕ್ಕಳಿಗೆ ಬಂದು ಒಯ್ಯುತ್ತಾರೆ” ಎಂಬ ಸಂದೇಶ ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

1098 ಮಕ್ಕಳ ಸಹಾಯವಾಣಿ. ಈಗ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ನಡೆಯುತ್ತಿದೆ. ಕಾಣೆಯಾದ ಮಗು, ಬಾಲ್ಯವಿವಾಹ, ಬಾಲಕಾರ್ಮಿಕತೆ, ದೌರ್ಜನ್ಯ ಇಂಥದ್ದಕ್ಕೆ ದಿನದ 24 ಗಂಟೆಯೂ ಉಚಿತ. ಊಟ ಸಂಗ್ರಹಿಸುವುದು ಅವರ ಕೆಲಸವಲ್ಲ. ಮೊದಲು ಈ ಸಹಾಯವಾಣಿ ನಡೆಸುತ್ತಿದ್ದ ಚೈಲ್ಡ್‌ಲೈನ್ ಸಂಸ್ಥೆಯೇ ಇದನ್ನು ಹಿಂದೆ ಸ್ಪಷ್ಟಪಡಿಸಿದೆ. ಅನ್ನ-ಸಾರಿನ ಕರೆಗಳು ಹೆಚ್ಚಿದಷ್ಟೂ ಆಪತ್ತಿನಲ್ಲಿರುವ ಮಗುವಿಗೆ ಲೈನ್ ಸಿಗುವುದು ತಡ.

ಊಟ ಕೊಡಲೇಬೇಕೆಂದಿದ್ದರೆ ಮಠ, ಚರ್ಚ್, ಧಾರ್ಮಿಕ ಟ್ರಸ್ಟ್‌ಗಳು ನಡೆಸುವ ವೃದ್ಧಾಶ್ರಮ, ಅನಾಥಾಲಯಗಳನ್ನು ಹಿಂದಿನ ದಿನವೇ ಕೇಳಿಡಿ. ಸಂಜೆ ಫೋನ್ ಮಾಡಿದರೆ ಅಲ್ಲಿ ರಾತ್ರಿಯ ಅಡುಗೆ ಆಗಲೇ ಒಲೆ ಮೇಲಿರುತ್ತದೆ. ಕೊನೆಯ ಪಂಕ್ತಿ ಏಳುವವರೆಗೆ ಕಾಯಬೇಡಿ. ಬಡಿಸುವ ಬಕೆಟ್‌ಗೆ ಹೋಗದ ಅಡುಗೆಯನ್ನು ಕೊಪ್ಪರಿಗೆಯಿಂದಲೇ ಮುಚ್ಚಳದ ಸ್ಟೀಲ್ ಪಾತ್ರೆಗೆ ತೆಗೆದು, ಮಾಡಿದ ಹೊತ್ತನ್ನು ಮೇಲೆ ಬರೆದಂಟಿಸಿ. ಬಕೆಟ್‌ನಲ್ಲಿ ಮಿಕ್ಕಿದ್ದನ್ನು ಇದಕ್ಕೆ ಸುರಿಯುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು.

ಅನ್ನ 60 ಡಿಗ್ರಿಗಿಂತ ಬಿಸಿಯಾಗಿರಲಿ. ಆರಿದ ಅನ್ನ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಕೊಡಬೇಡಿ. ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೆರೆಯಸ್ (Bacillus cereus) ಎಂಬ ಬ್ಯಾಕ್ಟೀರಿಯಾದ ವಾಂತಿ ತರಿಸುವ ವಿಷ, ಮತ್ತೆ ಕುದಿಸಿದರೂ ಹೋಗದು. ಮೂಸಿ ನೋಡಿದರೆ ಗೊತ್ತಾಗುವುದಿಲ್ಲ. ಕಾಯಿ ರುಬ್ಬಿದ ಕೂಟು, ಮಜ್ಜಿಗೆಹುಳಿ, ಕೋಸಂಬರಿ ಬೇಗ ಹಳಸುತ್ತವೆ, ಅವು ಬೇಡ. ಲಾಡು, ಚಿರೋಟಿಗೆ ಇಷ್ಟು ಚಿಂತೆಯಿಲ್ಲ.

ಆ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ; ಈಗಾಗಲೇ ಕಳಿಸಿದ ಗುಂಪಿನಲ್ಲಿ ಈ ಸ್ಪಷ್ಟನೆ ಹಾಕಿ.